ಸುಣ್ಣಾಂಶವನ್ನು ಹಿಡಿಯುವ ಪ್ರೋಟೀನು ಮತ್ತು ಅರ್ಬುದ ರೋಗ

ಸುಣ್ಣವೆಂದೊಡನೆ ಗೋಡೆಗೆ ಬಳಿಯುವ ಸುಣ್ಣವೂ ವೀಳ್ಯದೆಲೆಗೆ ಸವರುವ ಸುಣ್ಣವೂ ನಮ್ಮ ನೆನಪಿಗೆ ಬರುವುವು. ಆ ಸುಣ್ಣದಲ್ಲಿರುವ ಮೂಲಧಾತುವಿಗೆ ಕ್ಯಾಲ್ಸಿಯಂ ಎಂದು ಹೆಸರು. ಹಾಲು, ಮೊಸರು, ರಾಗಿ, ಸೊಪ್ಪು ಮುಂತಾದ ಆಹಾರಗಳ ಮೂಲಕ ಈ ಧಾತುವು ನಮ್ಮ ದೇಹವನ್ನು ಸೇರುತ್ತದೆ. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುವುದು. ಅದರಲ್ಲಿ ನೂರಕ್ಕೆ ೯೯ ಪಾಲು ಎಲುಬು ಹಲ್ಲುಗಳಲ್ಲಿಯೇ ನೆಲೆಸಿದೆ. ಇಷ್ಟನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇದ್ದಾರೆ. ಆದರೆ ಉಳಿದ ಆ ಒಂದು ಪಾಲು ಏನು ಮಾಡುತ್ತದೆ? ಅದನ್ನು ಹಿಡಿದುಕೊಳ್ಳುವ ಒಂದು ಸಣ್ಣ ಪ್ರೋಟೀನಿಗೂ ಭಯಂಕರವಾದ ಅರ್ಬುದ ರೋಗಕ್ಕೂ ಸಂಬಂಧವೇನು? ಇವೆರಡನ್ನೂ ಈ ಲೇಖನದಲ್ಲಿ ಸ್ಥೂಲವಾಗಿ ವಿಚಾರಮಾಡೋಣ.

೧. ಒಂದು ಪಾಲಿನ ಮಹತ್ವ

೧೮೮೦ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯನು ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿರಿಸಿ ಪರೀಕ್ಷಿಸುತ್ತಿದ್ದನು. ನಲ್ಲಿಯ ನೀರಿನಿಂದ ಮಾಡಿದ ದ್ರಾವಣದಲ್ಲಿ ಹೃದಯವು ಬಹಳ ಹೊತ್ತು ಮಿಡಿಯುತ್ತಿತ್ತು. ಭಟ್ಟಿ ಇಳಿಸಿದ ಶುದ್ಧ ನೀರಿನಿಂದ ಮಾಡಿದ ದ್ರಾವಣದಲ್ಲಿ ಅದೇ ಹೃದಯವು ಬಲಗುಂದಿ ಬೇಗನೆ ನಿಂತುಹೋಗುತ್ತಿತ್ತು. ಶುದ್ಧ ನೀರಿಗಿಂತ ನಲ್ಲಿಯ ನೀರು ಮೇಲಾದುದು ಹೇಗೆ? ಲಂಡನ್ನಿನ ನಲ್ಲಿಯ ನೀರಿನಲ್ಲಿ ಸುಣ್ಣಾಂಶವು ಕರಗಿತ್ತು. ಭಟ್ಟಿಯ ನೀರಿನಲ್ಲಿ ಅದು ಇರಲಿಲ್ಲ. ಹೃದಯವು ಮಿಡಿಯಲು ಕ್ಯಾಲ್ಸಿಯಂ ಬೇಕೇಬೇಕೆಂದು ರಿಂಗರನು ೧೮೮೩ರಲ್ಲಿ ಪ್ರಕಟಪಡಿಸಿದನು.

ಎಲುಬಿನಲ್ಲಿ ಕ್ಯಾಲ್ಸಿಯಂ ಕಲ್ಲಿನಂತೆ ಭಾರ ಹೊರುತ್ತದೆ. ಜೀವಕೋಶಗಳಲ್ಲಿ ಅದು ದೂತನಂತೆ ಸುದ್ದಿಯನ್ನು ಒಯ್ಯುತ್ತದೆ. ಸ್ನಾಯುವು ಸಂಕುಚಿಸುವುದಕ್ಕೂ, ನರದ ತುದಿಯಿಂದ ಸಂದೇಶವು ದಾಟುವುದಕ್ಕೂ, ಗಾಯದಲ್ಲಿ ರಕ್ತವು ಹೆಪ್ಪುಗಟ್ಟುವುದಕ್ಕೂ ಇದರ ನೆರವು ಅವಶ್ಯಕ. ಈ ದೂತಕಾರ್ಯವು ನಡೆಯಬೇಕಾದರೆ ಒಂದು ವ್ಯವಸ್ಥೆ ಬೇಕು. ನಮ್ಮ ಊರಿನ ಕೆರೆಯನ್ನು ನೆನೆಯಿರಿ. ಕಟ್ಟೆಯ ಒಂದು ಕಡೆ ನೀರು ತುಂಬಿ ನಿಂತಿರುವುದು. ಇನ್ನೊಂದು ಕಡೆ ಗದ್ದೆಯು ಒಣಗಿರುವುದು. ತೂಬನ್ನು ಎತ್ತಿದೊಡನೆ ನೀರು ಗದ್ದೆಗೆ ನುಗ್ಗುವುದು. ಜೀವಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆಯು ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಕೋಶದ ಪೊರೆಯೇ ಇಲ್ಲಿ ಕಟ್ಟೆ. ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳೇ ತೂಬುಗಳು. ದ್ವಾರವು ಕ್ಷಣಕಾಲ ತೆರೆದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೆಲಸವಾದ ಮೇಲೆ ಕೋಶದ ಪಂಪುಗಳು ಅದನ್ನು ಮತ್ತೆ ಹೊರಗೆ ಹಾಕುತ್ತವೆ.

೨. ಹಿಡಿಯುವ ಕೈ

ದೂತನು ಬಂದು ಬಾಗಿಲಲ್ಲಿ ನಿಂತರೆ ಸಾಲದು. ಸುದ್ದಿಯನ್ನು ಕೇಳಿಕೊಳ್ಳುವವರು ಮನೆಯೊಳಗೆ ಇರಬೇಕು. ಕೋಶದೊಳಗೆ ಈ ಕೆಲಸವನ್ನು ಮಾಡುವುವು ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಈ ಸರವು ಮಡಿಸಿಕೊಂಡು ತನ್ನದೇ ಆದ ಒಂದು ಆಕಾರವನ್ನು ತಾಳುತ್ತದೆ. ಆಕಾರವೇ ಅದರ ಕೆಲಸವನ್ನು ನಿರ್ಣಯಿಸುತ್ತದೆ.

ಇಂಥ ಪ್ರೋಟೀನು ಕ್ಯಾಲ್ಸಿಯಮ್ಮನ್ನು ಹೇಗೆ ಹಿಡಿಯುತ್ತದೆಂಬುದನ್ನು ಅಮೆರಿಕದ ರಾಬರ್ಟ್ ಕ್ರೆಟ್ಸಿಂಗರ್ ಎಂಬ ವಿಜ್ಞಾನಿಯು ೧೯೭೩ರಲ್ಲಿ ಗೆಂಡೆಮೀನಿನ ಸ್ನಾಯುವಿನಿಂದ ತೆಗೆದ ಪ್ರೋಟೀನಿನ ಹರಳುಗಳ ಮೂಲಕ ತೋರಿಸಿಕೊಟ್ಟನು. ನಿಮ್ಮ ಬಲಗೈಯ ತೋರುಬೆರಳನ್ನೂ ಹೆಬ್ಬೆರಳನ್ನೂ ಬಿಡಿಸಿ ಹಿಡಿಯಿರಿ. ಉಳಿದ ಬೆರಳುಗಳನ್ನು ಮಡಿಸಿರಿ. ಎರಡು ಬೆರಳುಗಳು ಸುರುಳಿಯಾಕಾರದ ಎರಡು ಕಡ್ಡಿಗಳಂತೆ. ಮಡಿಸಿದ ಬೆರಳುಗಳು ಅವುಗಳ ನಡುವಣ ಕುಣಿಕೆ. ಆ ಕುಣಿಕೆಯಲ್ಲಿ ಕ್ಯಾಲ್ಸಿಯಂ ಅಯಾನು ಕುಳಿತುಕೊಳ್ಳುತ್ತದೆ. ಆ ಮೀನಿನ ಪ್ರೋಟೀನಿನ ಸುರುಳಿಗಳಿಗೆ ಎ, ಬಿ, ಸಿ ಎಂದು ಅನುಕ್ರಮವಾಗಿ ಹೆಸರಿಟ್ಟಿದ್ದರು. ಇ ಮತ್ತು ಎಫ್ ಎಂಬ ಸುರುಳಿಗಳ ನಡುವೆ ಈ ರಚನೆಯು ಸ್ಪಷ್ಟವಾಗಿ ಕಂಡುದರಿಂದ ಇದಕ್ಕೆ ‘ಇ-ಎಫ್ ಕೈ’ ಎಂಬ ಹೆಸರು ನಿಂತಿತು.

ಇದಕ್ಕೂ ಮೊದಲೇ, ೧೯೬೫ರಲ್ಲಿ, ಬ್ಲೇಕ್ ಮೂರ್ ಎಂಬ ಅಮೆರಿಕದ ವಿಜ್ಞಾನಿಯು ದನದ ಮಿದುಳಿನಿಂದ ಒಂದು ಸಣ್ಣ ಪ್ರೋಟೀನನ್ನು ಬೇರ್ಪಡಿಸಿದ್ದನು. ರೈತರು ಹೊಲಕ್ಕೆ ಗೊಬ್ಬರವಾಗಿ ಹಾಕುವ ಅಮೋನಿಯಂ ಸಲ್ಫೇಟನ್ನು ನೀರಿನಲ್ಲಿ ಕರಗಿಸುತ್ತ ಹೋದರೆ ಸಾಮಾನ್ಯ ಪ್ರೋಟೀನುಗಳು ಒಂದು ಹಂತದಲ್ಲಿ ಗಷ್ಟಾಗಿ ತಳಕ್ಕೆ ಇಳಿದುಬಿಡುತ್ತವೆ. ಮೂರನ ಪ್ರೋಟೀನು ಆ ಉಪ್ಪು ನೂರಕ್ಕೆ ನೂರರಷ್ಟು ಕರಗಿ ತುಂಬಿದ ನೀರಿನಲ್ಲಿಯೂ ಕರಗಿಯೇ ಇತ್ತು. ಆದಕಾರಣ ಅದಕ್ಕೆ ಎಸ್-೧೦೦ ಎಂದು ಹೆಸರಾಯಿತು. ಇಂದು ಮನುಷ್ಯನಲ್ಲಿ ಈ ಕುಟುಂಬಕ್ಕೆ ಸೇರಿದ ಇಪ್ಪತ್ತಕ್ಕೂ ಹೆಚ್ಚು ಪ್ರೋಟೀನುಗಳು ತಿಳಿದಿವೆ. ಒಂದೊಂದರಲ್ಲಿಯೂ ಎರಡೆರಡು ‘ಕೈ’ಗಳಿವೆ. ಇವುಗಳಲ್ಲಿ ನಮ್ಮ ಇಂದಿನ ವಿಷಯವು ಎಸ್-೧೦೦-ಎ-೪ ಎಂಬುದು. ಇದು ೧೦೧ ಅಮೈನೋ ಆಮ್ಲಗಳ ಪುಟ್ಟ ಸರ. ಇದನ್ನು ಕಟ್ಟುವ ಜೀನು ನಮ್ಮ ಒಂದನೆಯ ವರ್ಣತಂತುವಿನಲ್ಲಿದೆ.

೩. ಅರ್ಬುದವು ಹರಡುವ ಬಗೆ

ಅರ್ಬುದವೆಂದರೆ ದೇಹದ ಜೀವಕೋಶಗಳು ಕಟ್ಟಳೆಯನ್ನು ಮೀರಿ ಬೆಳೆಯುವುದು. ಹುಟ್ಟಿದ ಜಾಗದಲ್ಲಿಯೇ ಗಂಟು ನಿಂತಿದ್ದರೆ ಶಸ್ತ್ರವೈದ್ಯನು ಅದನ್ನು ಕಿತ್ತುಹಾಕಲು ಅನೇಕ ವೇಳೆ ಸಾಧ್ಯವಾಗುತ್ತದೆ. ಆದರೆ ಕೆಲವು ಕೋಶಗಳು ಮೂಲದ ಗಂಟನ್ನು ಬಿಟ್ಟು, ಸುತ್ತಣ ಗೋಡೆಗಳನ್ನು ಸೀಳಿಕೊಂಡು, ರಕ್ತ ಅಥವಾ ದುಗ್ಧರಸದ ನಾಳಗಳನ್ನು ಹೊಕ್ಕು, ಶ್ವಾಸಕೋಶ, ಯಕೃತ್ತು, ಎಲುಬು, ಮಿದುಳುಗಳಲ್ಲಿ ನೆಲೆಯೂರುತ್ತವೆ. ಅರ್ಬುದದಿಂದಾಗುವ ಮರಣಗಳಲ್ಲಿ ಬಹುಪಾಲಿಗೆ ಈ ಹರಡುವಿಕೆಯೇ ಕಾರಣ.

ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಎಂಬ ವೈದ್ಯನು ೧೮೮೯ರಲ್ಲಿ ಸ್ತನದ ಅರ್ಬುದದಿಂದ ಮಡಿದ ೭೩೫ ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಅರ್ಬುದದ ಕೋಶವು ಬೀಜವಿದ್ದಂತೆ, ಅಂಗವು ನೆಲವಿದ್ದಂತೆ ಎಂದು ವಿವರಿಸಿದನು. ಗಾಳಿಯು ಬೀಜವನ್ನು ಎಲ್ಲ ಕಡೆಗೂ ಒಯ್ದರೂ ಹದವಾದ ನೆಲದಲ್ಲಿ ಮಾತ್ರ ಅದು ಮೊಳೆಯುವುದು. ಹಾಗಾದರೆ ಕೆಲವು ಬೀಜಗಳಿಗೆ ರೆಕ್ಕೆ ಬರುವುದು ಹೇಗೆ? ಒಂದು ಗಂಟು ಹುಟ್ಟಿದಲ್ಲಿಯೇ ಇರುವಾಗ ಇನ್ನೊಂದು ಊರೂರು ಅಲೆಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗಲೇ ನಮ್ಮ ಪ್ರೋಟೀನು ಬೆಳಕಿಗೆ ಬಂದಿತು.

೪. ಸಂದೇಹದಿಂದ ಸಾಕ್ಷ್ಯಕ್ಕೆ

೧೯೮೯ರಲ್ಲಿ ಮಾಸ್ಕೋ ನಗರದ ಲುಕಾನಿದಿನ್ ಮತ್ತು ಅವರ ಸಂಗಡಿಗರು ಇಲಿಗಳ ಸ್ತನದ ಅರ್ಬುದದಿಂದ ಪಡೆದ ಕೋಶಗಳನ್ನು ಹೋಲಿಸಿ ನೋಡಿದರು. ಒಂದು ಬಗೆಯ ಕೋಶಗಳು ದೇಹದಲ್ಲಿ ಹರಡುವಂಥವು. ಇನ್ನೊಂದು ಬಗೆಯವು ಹರಡದಂಥವು. ಹರಡುವ ಕೋಶಗಳಲ್ಲಿ ಒಂದು ಜೀನು ಚುರುಕಾಗಿ ಕೆಲಸ ಮಾಡುತ್ತಿತ್ತು. ಅದು ಕಟ್ಟುವ ಪ್ರೋಟೀನು ಕ್ಯಾಲ್ಸಿಯಂ ಹಿಡಿಯುವ ಎಸ್-೧೦೦ ಕುಟುಂಬದ್ದೆಂದು ತಿಳಿದುಬಂದಿತು. ಹರಡುವಿಕೆಗೆ ಮೆಟಾಸ್ಟಾಸಿಸ್ ಎಂದು ವೈದ್ಯಶಾಸ್ತ್ರದ ಹೆಸರಿರುವುದರಿಂದ ಈ ಪ್ರೋಟೀನಿಗೆ ಮೆಟಾಸ್ಟಾಸಿನ್ ಎಂಬ ಹೆಸರೂ ಬಂದಿತು. ಬೇರೆ ಬೇರೆ ಊರುಗಳ ವಿಜ್ಞಾನಿಗಳು ತಮ್ಮ ತಮ್ಮ ದಾರಿಯಲ್ಲಿ ಹೋಗಿ ಇದೇ ಪ್ರೋಟೀನನ್ನು ಕಂಡಿದ್ದರಿಂದ ಇದಕ್ಕೆ ಹಲವು ಹೆಸರುಗಳಿದ್ದುವು. ಇಂಗ್ಲೆಂಡಿನ ಲಿವರ್‌ಪೂಲಿನವರು ಇದನ್ನು ಪಿ-೯-ಕೆಎ ಎಂದು ಕರೆಯುತ್ತಿದ್ದರು. ಎಸ್-೧೦೦-ಎ-೪, ಮೆಟಾಸ್ಟಾಸಿನ್, ಪಿ-೯-ಕೆಎ ಇವೆಲ್ಲವೂ ಒಂದೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆಯುಂಟು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ನೀವು ಕೇಳಿರುವಿರಿ. ಹರಡುವ ಕೋಶಗಳಲ್ಲಿ ಈ ಪ್ರೋಟೀನು ಇದ್ದಿತು ಎಂದಮಾತ್ರಕ್ಕೆ ಹರಡಲು ಅದೇ ಕಾರಣವೆಂದು ಹೇಳಬಹುದೆ? ಹೇಳಲಾಗದು. ಆದುದರಿಂದ ವಿಜ್ಞಾನಿಗಳು ಮುಂದಿನ ಪರೀಕ್ಷೆಗಳಿಗೆ ತೊಡಗಿದರು.

ಮೊದಲನೆಯದು, ಸೇರಿಸಿ ನೋಡುವುದು. ೧೯೯೩ರಲ್ಲಿ ಲಿವರ್‌ಪೂಲಿನ ಬರಾಕ್ಲೊ, ರಡ್‌ಲ್ಯಾಂಡ್ ಮುಂತಾದವರು ಹರಡುವ ಸ್ವಭಾವವಿಲ್ಲದ ಇಲಿಯ ಸ್ತನಕೋಶಗಳಿಗೆ ಈ ಜೀನನ್ನು ಸೇರಿಸಿದರು. ಆ ಕೋಶಗಳು ಹರಡುವ ಶಕ್ತಿಯನ್ನು ಪಡೆದುವು.

ಎರಡನೆಯದು, ಇದೊಂದೇ ಸಾಕೆ ಎಂದು ನೋಡುವುದು. ಈ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವಂಥ ಇಲಿಗಳನ್ನು ಬೆಳೆಸಿದರು. ಆ ಇಲಿಗಳಲ್ಲಿ ಅದರಿಂದಲೇ ಅರ್ಬುದವು ಹುಟ್ಟಲಿಲ್ಲ. ಆದರೆ ಸ್ತನದ ಅರ್ಬುದಕ್ಕೆ ಈಡಾಗುವ ಇಲಿಗಳೊಡನೆ ಅವುಗಳನ್ನು ಕೂಡಿಸಿ ಪಡೆದ ಸಂತತಿಯಲ್ಲಿ ಅರ್ಬುದವು ಶ್ವಾಸಕೋಶಗಳಿಗೆ ಹೆಚ್ಚಾಗಿ ಹರಡಿತು. ಇದು ೧೯೯೬ರಲ್ಲಿ ಪ್ರಕಟವಾಯಿತು. ಮೆಟಾಸ್ಟಾಸಿನ್ ಬೆಂಕಿಯನ್ನು ಹಚ್ಚುವುದಿಲ್ಲ. ಹತ್ತಿದ ಬೆಂಕಿಗೆ ಗಾಳಿಯಾಗುತ್ತದೆ.

ಮೂರನೆಯದು, ತೆಗೆದು ನೋಡುವುದು. ಈ ಜೀನನ್ನೇ ಇಲ್ಲವಾಗಿಸಿದ ಇಲಿಗಳ ದೇಹಕ್ಕೆ ಅರ್ಬುದದ ಕೋಶಗಳನ್ನು ಸೇರಿಸಿದಾಗ ಗಂಟು ಸರಿಯಾಗಿ ಬೆಳೆಯಲಿಲ್ಲ, ಹರಡಲೂ ಇಲ್ಲ. ಡೆನ್ಮಾರ್ಕಿನ ವಿಜ್ಞಾನಿಗಳು ಇದನ್ನು ೨೦೦೫ರಲ್ಲಿ ವರದಿಮಾಡಿದರು. ಬೀಜದಲ್ಲಿ ಮಾತ್ರವಲ್ಲದೆ ನೆಲದಲ್ಲಿಯೂ ಈ ಪ್ರೋಟೀನು ಬೇಕೆಂಬುದು ಇದರಿಂದ ಹೊರಪಟ್ಟಿತು. ಪ್ಯಾಜೆಟ್ಟನ ಮಾತಿಗೆ ನೂರು ವರ್ಷಗಳ ಮೇಲೆ ದೊರೆತ ಪುಷ್ಟಿಯಿದು.

ಕಂಡದ್ದು, ಸೇರಿಸಿದ್ದು, ತೆಗೆದದ್ದು. ಈ ಮೂರು ಮೆಟ್ಟಿಲುಗಳನ್ನು ಹತ್ತಿದ ಮೇಲೆಯೇ ವಿಜ್ಞಾನವು ‘ಕಾರಣ’ ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದು.

೫. ಪ್ರೋಟೀನು ಕೆಲಸ ಮಾಡುವ ರೀತಿ

ಮೆಟಾಸ್ಟಾಸಿನ್ ಯಾವಾಗಲೂ ಜೋಡಿಯಾಗಿರುತ್ತದೆ. ಎರಡು ಸರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಆ ಜೋಡಿಗೆ ನಾಲ್ಕು ‘ಕೈ’ಗಳು, ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯಬಲ್ಲುದು. ಕ್ಯಾಲ್ಸಿಯಂ ಇಲ್ಲದಾಗ ಅದು ಮುಚ್ಚಿದ ಪೆಟ್ಟಿಗೆಯಂತೆ. ಕ್ಯಾಲ್ಸಿಯಂ ಬಂದು ಕುಳಿತಾಗ ಒಂದು ಸುರುಳಿಯು ಹೊರಳಿ, ಒಳಗಿದ್ದ ಒಂದು ಸಂದು ತೆರೆದುಕೊಳ್ಳುತ್ತದೆ. ಆ ಸಂದಿನಲ್ಲಿ ಬೇರೆ ಪ್ರೋಟೀನುಗಳು ಬಂದು ಸಿಕ್ಕಿಕೊಳ್ಳುತ್ತವೆ.

ಹಾಗೆ ಸಿಕ್ಕಿಕೊಳ್ಳುವವುಗಳಲ್ಲಿ ಮುಖ್ಯವಾದುದು ಮಯೋಸಿನ್. ನಮ್ಮ ಸ್ನಾಯುಗಳನ್ನು ಸಂಕುಚಿಸುವ ಪ್ರೋಟೀನಿನ ಹೆಸರು ಇದು. ಸ್ನಾಯುವಲ್ಲದ ಕೋಶಗಳಲ್ಲಿಯೂ ಇದರ ಬಂಧುವೊಂದು ಇದೆ. ತೆಂಗಿನ ನಾರುಗಳನ್ನು ಹೊಸೆದು ಹಗ್ಗ ಮಾಡುವಂತೆ ಮಯೋಸಿನ್ ಎಳೆಗಳು ಕೂಡಿ ಹುರಿಗೊಂಡು ಕೋಶದ ಆಕಾರವನ್ನು ಬಿಗಿದು ಹಿಡಿದಿರುತ್ತವೆ. ಮೆಟಾಸ್ಟಾಸಿನ್ ಆ ಎಳೆಯ ಬಾಲದ ತುದಿಯನ್ನು ಹಿಡಿದು ಹುರಿಯನ್ನು ಬಿಚ್ಚುತ್ತದೆ. ಬಿಗಿತವು ಸಡಿಲವಾದ ಕಡೆ ಕೋಶವು ಮುಂದಕ್ಕೆ ಚಾಚಿಕೊಳ್ಳಲು ಸಾಧ್ಯವಾಗಿ ಸ್ಥಳ ಬಿಟ್ಟು ಚಲಿಸುತ್ತದೆ.

ಹಾಗಾದರೆ ಈ ಪ್ರೋಟೀನು ದೇಹಕ್ಕೆ ಶತ್ರುವೆ? ಹಾಗೆ ಭಾವಿಸಬಾರದು. ಆರೋಗ್ಯವಂತರ ದೇಹದಲ್ಲಿಯೂ ರೋಗವನ್ನು ಎದುರಿಸುವ ಕೆಲವು ಬಿಳಿಯ ರಕ್ತಕಣಗಳಲ್ಲಿ ಮತ್ತು ಗಾಯವನ್ನು ಮಾಯಿಸುವ ಕೋಶಗಳಲ್ಲಿ ಇದು ಇದೆ. ಗಾಯವಾದಾಗ ಕೋಶಗಳು ಅಲ್ಲಿಗೆ ಸರಿದುಬಂದು ತೆರವನ್ನು ತುಂಬಬೇಕಲ್ಲವೆ? ಚಲನೆಯು ಜೀವಕ್ಕೆ ಅಗತ್ಯ. ಅರ್ಬುದದ ಕೋಶವು ಹೊಸ ಆಯುಧವನ್ನೇನೂ ನಿರ್ಮಿಸಿಕೊಳ್ಳುವುದಿಲ್ಲ. ಮನೆಯಲ್ಲಿದ್ದ ಕುಡುಗೋಲನ್ನೇ ಕೇಡಿಗೆ ಬಳಸುತ್ತದೆ. ಇಷ್ಟೇ ಅಲ್ಲದೆ ಈ ಪ್ರೋಟೀನು ಕೋಶದಿಂದ ಹೊರಕ್ಕೂ ಸುರಿದು, ಗಂಟಿನ ಕಡೆಗೆ ಹೊಸ ರಕ್ತನಾಳಗಳು ಬೆಳೆಯುವಂತೆ ಪ್ರೇರಿಸುತ್ತದೆ. ಸುತ್ತಣ ಗೋಡೆಗಳನ್ನು ಕರಗಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ.

೬. ರೋಗಿಗಳಿಗೆ ಇದರಿಂದ ಪ್ರಯೋಜನವೇನು?

ಲಿವರ್‌ಪೂಲಿನ ರಡ್‌ಲ್ಯಾಂಡ್ ಮತ್ತು ಸಂಗಡಿಗರು ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆದ ೩೪೯ ಮಂದಿ ಸ್ತ್ರೀಯರ ಗಂಟುಗಳನ್ನು ಪರೀಕ್ಷಿಸಿ ೨೦೦೦ದಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಗಂಟಿನಲ್ಲಿ ಈ ಪ್ರೋಟೀನು ಕಾಣದಿದ್ದವರಲ್ಲಿ ೧೯ ವರ್ಷಗಳ ಮೇಲೆ ನೂರಕ್ಕೆ ೮೦ ಮಂದಿ ಬದುಕಿದ್ದರು. ಕಂಡವರಲ್ಲಿ ನೂರಕ್ಕೆ ೧೧ ಮಂದಿ ಮಾತ್ರ. ಒಂದು ಪ್ರೋಟೀನಿನ ಇರವು ಇಲ್ಲದಿರವುಗಳ ನಡುವೆ ಎಷ್ಟು ಕುಟುಂಬಗಳ ಸುಖದುಃಖಗಳು ಅಡಗಿವೆಯೆಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ. ಕರುಳಿನ ಅರ್ಬುದವೇ ಮೊದಲಾದ ಇತರ ಬಗೆಗಳಲ್ಲಿಯೂ ಇಂಥದೇ ಸಂಬಂಧವು ಕಂಡುಬಂದಿದೆ. ಇದೇ ಕುಟುಂಬದ ಎಸ್-೧೦೦-ಬಿ ಎಂಬ ಪ್ರೋಟೀನನ್ನು ಮೆಲನೋಮ ಎಂಬ ಚರ್ಮದ ಅರ್ಬುದವಾದವರ ರಕ್ತದಲ್ಲಿ ಅಳೆದು ರೋಗದ ಏರಿಳಿತವನ್ನು ತಿಳಿಯುವ ಪದ್ಧತಿಯು ಯೂರೋಪಿನ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಔಷಧದ ಮಾತನ್ನು ಹೇಳುವುದಾದರೆ, ೨೦೧೧ರಲ್ಲಿ ಬರ್ಲಿನ್ನಿನ ಉಲ್ರಿಕೆ ಸ್ಟೈನ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ಒಂದು ಕುತೂಹಲದ ಸಂಗತಿಯನ್ನು ಹೊರಗೆಡಹಿದರು. ಲಾಡಿಹುಳುವಿಗೆ ಬಹುಕಾಲದಿಂದ ಕೊಡುತ್ತಿದ್ದ ನಿಕ್ಲೋಸಮೈಡ್ ಎಂಬ ಔಷಧವು ಕರುಳಿನ ಅರ್ಬುದದ ಕೋಶಗಳಲ್ಲಿ ಈ ಜೀನಿನ ಕೆಲಸವನ್ನು ತಗ್ಗಿಸಿ ಇಲಿಗಳಲ್ಲಿ ಹರಡುವಿಕೆಯನ್ನು ಕಡಮೆಮಾಡಿತು. ಮುಂದೆ ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ಮೇಲಿನ ಪರೀಕ್ಷೆಯೂ ಆರಂಭವಾಯಿತು. ಆದರೆ ಇಲಿಯಲ್ಲಿ ಫಲಿಸಿದುದೆಲ್ಲವೂ ಮನುಷ್ಯನಲ್ಲಿ ಫಲಿಸುವುದಿಲ್ಲ. ಇದು ಅರ್ಬುದಕ್ಕೆ ಒಪ್ಪಿತವಾದ ಔಷಧವಲ್ಲ. ಇದನ್ನು ಓದಿದ ಯಾರೂ ಅಂಗಡಿಯಿಂದ ಜಂತಿನ ಮಾತ್ರೆಯನ್ನು ತಂದು ರೋಗಿಗೆ ಕೊಡುವ ಸಾಹಸಕ್ಕೆ ಕೈಹಾಕಬಾರದು. ಜಂತುಹುಳು ನಿವಾರಣೆಯ ದಿನದಂದು ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಮಾತ್ರೆಯು ಆಲ್ಬೆಂಡಜೋಲ್ ಎಂಬ ಬೇರೆಯೇ ಔಷಧ. ಅದನ್ನು ಮಕ್ಕಳು ನಿರ್ಭಯವಾಗಿ ಸೇವಿಸಬಹುದು.

೭. ತಾಯ್ತಂದೆಯರಿಗೆ ಕೆಲವು ಮಾತು

ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನಿಗೂ ಅರ್ಬುದಕ್ಕೂ ಸಂಬಂಧವಿದೆಯೆಂದು ಕೇಳಿದೊಡನೆ, ಮಕ್ಕಳಿಗೆ ಹಾಲು ರಾಗಿಗಳನ್ನು ಕೊಡಬಹುದೇ ಎಂಬ ಶಂಕೆಯು ಕೆಲವರಲ್ಲಿ ಮೂಡೀತು. ಈ ಶಂಕೆಗೆ ಆಧಾರವಿಲ್ಲ. ನಾವು ಉಂಡ ಕ್ಯಾಲ್ಸಿಯಂ ನೇರವಾಗಿ ಜೀವಕೋಶಗಳೊಳಗೆ ನುಗ್ಗುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣವನ್ನು ಗ್ರಂಥಿಗಳು ಹದದಲ್ಲಿಟ್ಟಿರುತ್ತವೆ. ಕೋಶದೊಳಗಿನ ಪ್ರಮಾಣವನ್ನು ಮೊದಲೇ ಹೇಳಿದ ತೂಬು ಪಂಪುಗಳು ಕಾಯುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳೆಯುವ ಮಕ್ಕಳ ಎಲುಬಿಗೆ ಅದು ಅವಶ್ಯವಾಗಿ ಬೇಕು. ಹಾಲು ಮೊಸರುಗಳ ಸೇವನೆಯು ಕರುಳಿನ ಅರ್ಬುದದ ಸಂಭವವನ್ನು ಪ್ರಾಯಶಃ ತಗ್ಗಿಸುವುದೆಂದು ವಿಶ್ವ ಅರ್ಬುದ ಸಂಶೋಧನಾ ನಿಧಿಯ ೨೦೧೮ರ ವರದಿಯು ತಿಳಿಸಿದೆ.

ಹೆದರಬೇಕಾದ ಸುಣ್ಣವೊಂದಿದ್ದರೆ ಅದು ಎಲೆಯಡಿಕೆಯ ಜತೆಗೆ ಬಾಯಿಗೆ ಬೀಳುವ ಸುಣ್ಣ. ಅಡಿಕೆಯ ಬೆಳೆಯಿಂದಲೇ ಜೀವನ ಸಾಗಿಸುವ ಕುಟುಂಬಗಳು ಗಡಿನಾಡಿನಲ್ಲಿ ಬಹಳವಾಗಿವೆ. ಅವರ ಶ್ರಮವನ್ನು ಇಲ್ಲಿ ಹಳಿಯುತ್ತಿಲ್ಲ. ಆದರೆ ಅಡಿಕೆಯನ್ನು ಅಗಿಯುವುದರಿಂದಲೂ, ಹೊಗೆಸೊಪ್ಪು ಸೇರಿದರೆ ಮತ್ತಷ್ಟು ತೀವ್ರವಾಗಿಯೂ, ಬಾಯಿಯ ಅರ್ಬುದವು ಉಂಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬಣ್ಣದ ಚೀಟಿಗಳಲ್ಲಿ ಮಾರುವ ಗುಟ್ಕಾ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಹಿರಿಯರ ಮೊದಲ ಹೊಣೆ. ಹಿರಿಯರೇ ಅಗಿಯುತ್ತಿದ್ದರೆ ಕಿರಿಯರಿಗೆ ಹೇಳುವ ಬುದ್ಧಿಗೆ ಬೆಲೆ ಎಲ್ಲಿಯದು?

ಮೆಟಾಸ್ಟಾಸಿನ್ನಿನ ಕಥೆಯು ಮನೆಮಂದಿಗೆ ಕಲಿಸುವ ಪಾಠವು ಇದು: ಹರಡುವುದಕ್ಕೆ ಮುಂಚೆ ಕಂಡುಹಿಡಿದ ಅರ್ಬುದವನ್ನು ಗುಣಪಡಿಸಲು ಹೆಚ್ಚಿನ ಅವಕಾಶವಿದೆ. ಬಾಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದಂತೆ ಬಿಗಿತ, ಸ್ತನದಲ್ಲಿ ಗಂಟು, ಕಾಲವಲ್ಲದ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ನಾಚಿಕೆಯಿಂದಲೋ ಹೆದರಿಕೆಯಿಂದಲೋ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ನಮ್ಮ ತಾಯಂದಿರು ಮನೆಯವರೆಲ್ಲರ ನೋವನ್ನು ವಿಚಾರಿಸಿ ತಮ್ಮ ನೋವನ್ನು ಕೊನೆಗೆ ಇಡುವರು. ಆ ವೇಳೆಗೆ ಬೀಜವು ಹೊಸ ನೆಲವನ್ನು ಹುಡುಕಿಕೊಂಡಿರಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈಯ ಅಡಯಾರಿನ ಅರ್ಬುದ ಸಂಸ್ಥೆ, ತಿರುವನಂತಪುರದ ಪ್ರಾದೇಶಿಕ ಅರ್ಬುದ ಕೇಂದ್ರ, ತಲಶ್ಶೇರಿಯ ಮಲಬಾರ್ ಅರ್ಬುದ ಕೇಂದ್ರ ಇವು ಈ ರೋಗಕ್ಕಾಗಿಯೇ ಇರುವ ಚಿಕಿತ್ಸಾಲಯಗಳು. ನಾವು ಯಾವ ರಾಜ್ಯದ ಗಡಿಯೊಳಗೆ ಇದ್ದರೂ ಇವುಗಳಲ್ಲಿ ಒಂದು ನಮಗೆ ಎಟುಕುವಷ್ಟು ದೂರದಲ್ಲಿದೆ.

ಪ್ರಿಯ ವಿದ್ಯಾರ್ಥಿಗಳೇ, ಕಪ್ಪೆಯ ಹೃದಯ, ಗೆಂಡೆಮೀನಿನ ಸ್ನಾಯು, ದನದ ಮಿದುಳು, ಇಲಿಯ ಗಂಟು ಇವುಗಳಿಗೆ ಒಂದಕ್ಕೊಂದು ಏನು ಸಂಬಂಧವೆಂದು ಆ ಕಾಲದಲ್ಲಿ ಯಾರೂ ಹೇಳಬಲ್ಲವರಾಗಿರಲಿಲ್ಲ. ಒಬ್ಬೊಬ್ಬರು ತಮ್ಮ ಪಾಲಿನ ಪ್ರಶ್ನೆಯನ್ನು ನಿಷ್ಠೆಯಿಂದ ಬಿಡಿಸಿದರು. ಬಿಡಿಸಿದ ಎಳೆಗಳು ಕಾಲಾಂತರದಲ್ಲಿ ಒಂದೇ ಹಗ್ಗವಾದುವು. ಈ ಹಗ್ಗವಿನ್ನೂ ಪೂರ್ತಿಯಾಗಿ ಹೊಸೆದಿಲ್ಲ. ಹರಡಿದ ಅರ್ಬುದವನ್ನು ತಡೆಯುವ ಎಳೆಯು ಇನ್ನೂ ಸೇರಬೇಕಾಗಿದೆ. ಕನ್ನಡದಲ್ಲಿ ವಿಜ್ಞಾನವನ್ನು ಓದುತ್ತಿರುವ ನಿಮ್ಮಲ್ಲಿ ಯಾರೊಬ್ಬರ ಕೈಯಿಂದಾದರೂ ಅದು ಆಗಬಾರದೇಕೆ?

ಅಭ್ಯಾಸದ ಪ್ರಶ್ನೆಗಳು

೧. ಭಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಕಪ್ಪೆಯ ಹೃದಯವು ಬೇಗನೆ ನಿಂತುದಕ್ಕೆ ಕಾರಣವೇನು?

೨. ‘ಇ-ಎಫ್ ಕೈ’ಯ ರಚನೆಯನ್ನು ನಿಮ್ಮ ಕೈಬೆರಳುಗಳಿಂದ ತೋರಿಸಿ ವಿವರಿಸಿರಿ.

೩. ಕಂಡದ್ದು, ಸೇರಿಸಿದ್ದು, ತೆಗೆದದ್ದು: ಈ ಮೂರರಲ್ಲಿ ಮೊದಲನೆಯದೊಂದೇ ಏಕೆ ಸಾಲದು?

೪. ಮೆಟಾಸ್ಟಾಸಿನ್ ಆರೋಗ್ಯವಂತರಿಗೂ ಬೇಕೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಿರಿ.

೫. ಬಾಯಿಯ ಅರ್ಬುದದ ಮುನ್ಸೂಚನೆಗಳನ್ನು ಬರೆದು, ಮನೆಯ ಹಿರಿಯರಿಗೆ ಓದಿ ಹೇಳಿರಿ.